ಮೂರು ನ, ಒಂದೇ ಗಾಯ

ನನಗೆ ಸ್ವಂತ ದನಿಯಿಲ್ಲ ಎಂಬುದು ನಮ್ಮ ಮನೆಯಲ್ಲಿ ಬಹಳ ಹಿಂದೆಯೇ ತೀರ್ಮಾನವಾದ ವಿಷಯ. ಫೋನು ಮಾಡಿದರೆ ಅಮ್ಮ ಮೊದಲು ಕೇಳುವುದೇ "ಇವತ್ತು ಯಾರು?" ಎಂದು. ಒಮ್ಮೆ ನಿಜವಾಗಿಯೂ ಜ್ವರ ಬಂದು ಗಂಟಲು ಕಟ್ಟಿದ್ದಾಗ, "ಇದು ಯಾರದ್ದು ಮಾರಾಯ, ಒಳ್ಳೆ ಬಂದಿದೆ" ಎಂದು ಮೆಚ್ಚಿ ಫೋನು ಇಟ್ಟಳು. ಆ ದಿನ ಕಷಾಯ ಸಿಗಲಿಲ್ಲ.

ಮದುವೆಯ ಮುನ್ನಾದಿನದ ಮದರಂಗಿ ಮನೆ, ಕಾಲೇಜಿನ ವಾರ್ಷಿಕೋತ್ಸವ, ಯುವಕ ಮಂಡಲದ ವೇದಿಕೆ, ಎಲ್ಲಿ ಮೈಕು ಸಿಕ್ಕರೂ ನಾನು ಊರಿನ ಅರ್ಧ ಜನರ ಹಾಗೆ ಮಾತಾಡಿ ಉಳಿದರ್ಧ ಜನರನ್ನು ನಗಿಸಿದ್ದೇನೆ. ಮುಂದಿನ ವರ್ಷ ಅದಲುಬದಲು. ಈ ಕಸುಬಿನ ಗುಟ್ಟೆಂದರೆ ಮನುಷ್ಯನ ಒಳ್ಳೆಯ ಗುಣದ ಅನುಕರಣೆ ಆಗದ ಮಾತು, ಕುಂದನ್ನೇ ಹಿಡಿಯಬೇಕು. ಧಾರಾಳಿಯನ್ನು ಅನುಕರಿಸಿದರೆ ಯಾರಿಗೂ ಗುರುತು ಸಿಗುವುದಿಲ್ಲ. ಆ ಧಾರಾಳಿ ಮೂಗಿನಲ್ಲಿ ಮಾತಾಡಿದರೆ ಕೂಡಲೇ ಚಪ್ಪಾಳೆ. ಇನ್ನೊಂದು ಮಾತೂ ಉಂಟು. ಹಿಡಿದ ಕುಂದನ್ನು ಒಂದೇ ಅಳತೆಯಲ್ಲಿ ಮೂರು ಸಲ ತೋರಿಸಬಾರದು. ಕೆಮ್ಮುವ ಮೇಷ್ಟ್ರು ಪ್ರತಿ ಸಲವೂ ಬೇರೆ ಥರ ಕೆಮ್ಮುತ್ತಾರೆ. ಮೂರನೆಯ ಕೆಮ್ಮೂ ಮೊದಲಿನದರ ಹಾಗೆಯೇ ಬಂದರೆ ಹಿಂದಿನ ಸಾಲಿನವನಿಗೂ ತಿಳಿಯುತ್ತದೆ, ಕೆಮ್ಮುತ್ತಿರುವುದು ಮೇಷ್ಟ್ರಲ್ಲ ಎಂದು. ವೇದಿಕೆಯ ಮೇಲೆ ನಾನು ಇದನ್ನು ಎಂದೂ ಮರೆತವನಲ್ಲ. ಕಂಪ್ಯೂಟರಿನ ಮುಂದೆ ಮರೆತೆ.

ಹೊಟ್ಟೆಪಾಡಿಗೆ ನಾನು ಉರ್ವ ಮಾರ್ಕೆಟಿನ ಬಳಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಹುಟ್ಟುಹಬ್ಬದ ಬ್ಯಾನರಿನಲ್ಲಿ ಮುಖಂಡರ ಗಲ್ಲದ ಗುಳಿಗಳನ್ನು ಮುಚ್ಚುವುದು, ಶ್ರದ್ಧಾಂಜಲಿಯಲ್ಲಿ ಜೀವಮಾನವಿಡೀ ಬನಿಯನಿನಲ್ಲಿದ್ದವರಿಗೆ ಕೋಟು ತೊಡಿಸುವುದು, ಇದೇ ನನ್ನ ಕಲೆ. ಅಂಗಡಿಯಲ್ಲಿ ಕನ್ನಡಕ್ಕೆ ಐದೇ ಫಾಂಟುಗಳು. ಮದುವೆಗೆ ಬಳ್ಳಿಯದ್ದು, ಸಾವಿಗೆ ತೆಳ್ಳಗಿನದ್ದು, ರಾಜಕೀಯಕ್ಕೆ ದಪ್ಪದ್ದು, ದೇವರಿಗೆ ಬಾಲ ಇರುವಂಥದ್ದು, ಮೊಬೈಲ್ ರಿಪೇರಿಗೆ ಓರೆಯಾಗಿ ಓಡುವಂಥದ್ದು. ಮಂಗಳೂರಿನಲ್ಲಿ ಇವುಗಳ ಆಚೆಗೆ ಏನೂ ನಡೆಯುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ.

ಆಗ ಹೋಟೆಲ್ ಧಣಿ ಬಂದರು. ಊರಲ್ಲಿ ಗದ್ದೆ, ತೋಟ, ದೊಡ್ಡ ಮನೆ ಇದ್ದ ಮನೆತನ. ಈಗ ಪೇಟೆಯಲ್ಲಿ ವ್ಯಾಪಾರ. ಕಾವೂರಿನಿಂದ ವಿಮಾನ ನಿಲ್ದಾಣದ ಕಡೆಗೆ ಹೋಗುವ ರಸ್ತೆಯಲ್ಲಿ ಮೀನೂಟದ ಹೊಸ ಹೋಟೆಲು ತೆರೆಯುವವರಿದ್ದರು. ಮೊಬೈಲಿನಲ್ಲಿ ಯಾವುದೋ ದೇಶದ ಇಂಗ್ಲಿಷ್ ಬೋರ್ಡೊಂದನ್ನು ತೋರಿಸಿದರು. ದಪ್ಪ ದಪ್ಪ ಅಕ್ಷರಗಳು. ಮರದ ಅಚ್ಚಿಗೆ ಮಸಿ ಹಚ್ಚಿ ಕೈಯಲ್ಲಿ ಒತ್ತಿದ ಹಾಗೆ, ಒತ್ತಿದವನಿಗೆ ಆ ದಿನ ಊಟವಾಗಿರಲಿಲ್ಲವೇನೋ ಎಂಬ ಹಾಗೆ, ಅಲ್ಲಲ್ಲಿ ಮಸಿ ಹಿಡಿದಿರಲಿಲ್ಲ. ಅಂಚುಗಳು ಉದುರಿದ್ದವು. ನಡುವೆ ಗೀರುಗಳು.

"ಇದೇ ಥರದ್ದು ಕನ್ನಡದಲ್ಲಿ ಬೇಕು," ಎಂದರು. "ನೋಡಿದ ಕೂಡ್ಲೆ ಒಂದು ಫೀಲ್ ಬರ್ಬೇಕು. ಹಳೆ ಕಾಲದ್ದು ಅಂತ ಕಾಣ್ಬೇಕು. ಗೊತ್ತಾಯ್ತಲ್ಲ?"

"ಬೋರ್ಡು ಹೊಸತಾ ಧಣಿ, ಹಳತಾ?" ಎಂದು ಕೇಳಿದೆ.

"ಹೊಸತೇ. ಆದ್ರೆ ಹಳತು."

ನಮ್ಮ ಅಂಗಡಿಯ ಸಾರ್ ಕೂಡಲೇ "ಉಂಟು ಧಣಿ, ನಮ್ಮಲ್ಲಿ ಉಂಟು" ಎಂದರು. ಅವರು ಇಲ್ಲ ಎಂದದ್ದನ್ನು ನಾನು ಕೇಳಿಯೇ ಇಲ್ಲ. ಆನೆ ಕೇಳಿದರೂ "ಉಂಟು, ನಾಳೆ ಬನ್ನಿ" ಎನ್ನುವವರು. ಧಣಿ ಹೋದ ಮೇಲೆ "ಎಲ್ಲುಂಟು ಸಾರ್?" ಎಂದು ಕೇಳಿದ್ದಕ್ಕೆ ಅವರು ನನ್ನ ತಲೆಯ ಕಡೆಗೆ ಬೆರಳು ತೋರಿಸಿದರು.

ನನಗೆ ಈ ಹಳತಿನ ಹುಚ್ಚು ಅರ್ಥವೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಹಿತ್ತಾಳೆಯ ಚೆಂಬು ಕಪ್ಪಾದರೆ ಅಮ್ಮ ಹುಣಸೆಹುಳಿ ಹಚ್ಚಿ ಉಜ್ಜಿ ಉಜ್ಜಿ ಕೈಬೆರಳು ಬಿಳುಚಿಸಿಕೊಳ್ಳುತ್ತಾಳೆ. ಧಣಿಯವರ ಹೋಟೆಲಿನಲ್ಲಿ ಹೊಳೆಯುವ ಹೊಸ ಚೆಂಬುಗಳನ್ನು ತರಿಸಿ ಕಪ್ಪು ಮಾಡಲು ಒಬ್ಬರನ್ನು ನೇಮಿಸಿದ್ದರು. ಗೋಡೆಗೆ ಚೆನ್ನಾಗಿ ಗಾರೆ ಮಾಡಿಸಿ, ಅದನ್ನೇ ಅಲ್ಲಲ್ಲಿ ಕೆತ್ತಿಸಿ, ಒಳಗಿನ ಇಟ್ಟಿಗೆ ಕಾಣಿಸಿ, ಆ ಇಟ್ಟಿಗೆಗೆ ವಾರ್ನಿಷ್ ಹೊಡೆಸಿದ್ದರು. ಬಾಗಿಲಲ್ಲಿ ಲಾಟೀನು, ಲಾಟೀನಿನೊಳಗೆ ಬ್ಯಾಟರಿ ಬಲ್ಬು. ಇನ್ನು ಬೋರ್ಡಿನ ಒಕ್ಕಣೆ: 'ನಮ್ಮಜ್ಜನ ಕಾಲದ ಮೀನಿನ ಊಟ'. ಸುಳ್ಳೆಂದು ಹೇಳಲಾರೆ. ಅವರಜ್ಜ ಹೋಟೆಲು ನಡೆಸಿದವರಲ್ಲ, ಅಡುಗೆಮನೆಯ ಹೊಸ್ತಿಲು ದಾಟಿದವರೂ ಅಲ್ಲವಂತೆ. ಆದರೆ ಮೀನಿನ ಊಟವನ್ನು ಅವರ ಕಾಲದಲ್ಲಿ ಅವರು ಮಾಡಿದ್ದಂತೂ ನಿಜವಿರಬೇಕು.

ಮೊದಲ ಪ್ರಯತ್ನದಲ್ಲಿ ರಾಜಕೀಯದ ದಪ್ಪ ಫಾಂಟನ್ನು ತೆಗೆದುಕೊಂಡು ಅದರ ಮೇಲೆಲ್ಲ ತೂತುಗಳನ್ನು ಉದುರಿಸಿದೆ. ಧಣಿ ನೋಡಿದರು. "ಇದು ಹಳತಲ್ಲ," ಎಂದರು, "ಇದು ಕಜ್ಜಿ."

ಅವರು ಹೇಳಿದ್ದು ಸರಿಯೇ ಇತ್ತು, ಅದೇ ನನಗೆ ಸಿಟ್ಟು ತಂದದ್ದು. ನಿಜವಾದ ಸವೆತವನ್ನು ಕುಳಿತಲ್ಲಿ ಊಹಿಸಲಾಗದು. ಎಲ್ಲಿಯಾದರೂ ಹೋಗಿ ಕದಿಯಬೇಕು.

ಹಾಗಾಗಿ ಜುಲೈಯ ಒಂದು ಬೆಳಿಗ್ಗೆ, ಮಳೆ ಸ್ವಲ್ಪ ಬಿಟ್ಟಾಗ, ಫೆರಿ ಹತ್ತಿ ಹೊಳೆಯಾಚೆಗಿನ ಬೆಂಗ್ರೆಗೆ ಹೋದೆ. ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲುವುದರಿಂದ ಬೋಟುಗಳು ದಡಕ್ಕೆ ಬಂದು ಮಲಗಿರುತ್ತವೆ. ಮೂತಿಯ ಮೇಲೆ ಬರೆದ ಹೆಸರುಗಳು ಒಂದು ವರ್ಷದ ಉಪ್ಪು ತಿಂದು, ಬಿಸಿಲು ತಿಂದು, ಅರ್ಧ ಉದುರಿರುತ್ತವೆ. ನನಗೆ ಬೇಕಾದದ್ದು ಅಲ್ಲಿ ಸಾಲಾಗಿ ನಿಂತಿತ್ತು. ಒಂದು ಹಸಿರು ಬೋಟನ್ನು ಆರಿಸಿ ಮೊಬೈಲು ಹಿಡಿದು ಮೊಣಕಾಲೂರಿದೆ.

"ಎಂತ ತೆಗೀತಿದ್ದಿ?" ಎಂದು ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದರೆ ಅರುವತ್ತು ದಾಟಿದ ಒಬ್ಬರು, ಲುಂಗಿ ಎತ್ತಿ ಕಟ್ಟಿ, ಬಾಯಿಗೆ ಅಡ್ಡಲಾಗಿ ಕುಂಚ ಕಚ್ಚಿಕೊಂಡು ನಿಂತಿದ್ದರು. ಆ ದಡದ ಬೋಟುಗಳಿಗೆಲ್ಲ ಹೆಸರು ಬರೆಯುತ್ತಿದ್ದವರು.

"ಅಕ್ಷರ, ಅಜ್ಜೇರೇ."

"ಅಜ್ಜ ನಿನ್ನ ಅಪ್ಪನ ಅಪ್ಪ. ನಾನು ಅಣ್ಣ," ಎಂದರು. "ಅಕ್ಷರ ತೆಗಿಲಿಕ್ಕೆ ಇದೇ ಸಿಕ್ಕಿದ್ದಾ ನಿಂಗೆ? ಅದು ಹೋದ ವರ್ಷದ್ದು. ಮನೆಯಲ್ಲಿ ಹರಿದ ಬನಿಯನ್ ಹಾಕಿ ಕೂತವನ ಫೋಟೋ ತೆಗಿತಾರಾ ಯಾರಾದ್ರೂ? ಅಂಗಿ ಹಾಕ್ಲಿಕ್ಕೆ ಬಿಡು. ಬೋಟು ನೀರಿಗಿಳಿಯುವ ಮೊದ್ಲು ಬಾ, ಹೊಸತು ಬರ್ದಿರ್ತೇನೆ."

"ಸುಮ್ನೆ ಅಣ್ಣ, ಕಲಿಲಿಕ್ಕೆ," ಎಂದೆ. ಆ ಕ್ಷಣದಲ್ಲಿ ಯಾವ ದನಿ ಬಳಸಿದೆನೋ ನೆನಪಿಲ್ಲ. ಬಹಳ ವಿನಯದ್ದು.

ಕಲಿಯಲಿಕ್ಕೆ ಎಂದದ್ದೇ ತಡ, ಪೇಂಟರಣ್ಣ ಹಿಗ್ಗಿಬಿಟ್ಟರು. ಬೋಟಿನ ಮೂತಿ ಬಾಗಿರುವುದರಿಂದ ಅದರ ಮೇಲೆ ನೆಟ್ಟಗೆ ಬರೆದರೆ ದೂರದಿಂದ ಸೊಟ್ಟ ಕಾಣುತ್ತದೆ, ಆದ್ದರಿಂದ ಮುಂದಿನ ಬದಿಯನ್ನು ಅಗಲಿಸಿ, ಹಿಂದಿನದನ್ನು ಒತ್ತಿ ಬರೆಯಬೇಕು ಎಂದು ವಿವರಿಸಿದರು. ಒಂದೊಂದು ಅಕ್ಷರಕ್ಕೂ ಏಳು ಹೆಜ್ಜೆ ಹಿಂದೆ ಹೋಗಿ, ಪಾದ ಮುಳುಗುವಷ್ಟು ನೀರಲ್ಲಿ ನಿಂತು, ಎಡಕ್ಕೆ ವಾಲಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. "ಇದು ನೀರಿಂದ ಓದುವ ಅಕ್ಷರ. ದಡದಲ್ಲಿ ನಿಂತು ನೋಡಿದ್ರೆ ಎಂತ ಗೊತ್ತಾಗ್ತದೆ?"

ಅವರ ಕೈಯಲ್ಲಿ ಈಗ ಕೆಲಸ ಕಡಿಮೆ. ಬೋಟಿನವರು ಒಬ್ಬೊಬ್ಬರೇ ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರಿಗೆ ಹೋಗಿದ್ದರು. ಆ ಹಸಿರು ಬೋಟಿನ ಯಜಮಾನರು ಮಾತ್ರ ಉಳಿದಿದ್ದರು. ಅವರದ್ದೇ ಇನ್ನೊಂದು ಹೊಸ ಬೋಟು ಆಗಸ್ಟಿನಲ್ಲಿ ನೀರಿಗಿಳಿಯಲಿತ್ತು. "ಅದು ನನ್ನದು," ಎಂದರು ಪೇಂಟರಣ್ಣ, ಮಗಳ ಮದುವೆ ನಿಶ್ಚಯವಾದವರ ಹಾಗೆ. "ಅಷ್ಟು ದೊಡ್ಡ ಬೋಟು ಈ ದಡದಲ್ಲಿ ಇಲ್ಲ. ಅದ್ರಲ್ಲಿ ನನ್ನ ಕೈ ಕಂಡ್ರೆ ಹೋದವ್ರು ಎರಡು ಮೂರು ಮಂದಿಯಾದ್ರೂ ತಿರುಗಿ ಬರ್ತಾರೆ. ಅದೂ ಸ್ಟಿಕ್ಕರಿಗೆ ಹೋದ್ರೆ ಆಯ್ತು, ಈ ಕುಂಚದಲ್ಲಿ ಬೆನ್ನು ತುರಿಸ್ಬೇಕಷ್ಟೆ."

ನಾನು ತಲೆಯಾಡಿಸಿದೆ. ಸ್ಟಿಕ್ಕರ್ ಕತ್ತರಿಸುವ ಅಂಗಡಿ ನಮ್ಮದೇ ಎಂದು ಹೇಳಲಿಲ್ಲ. ಫೆರಿಯಲ್ಲಿ ಮರಳುವಾಗಲೇ ಅವರ ವಾಲುವಿಕೆ ನನಗೆ ಸಿದ್ಧಿಸಿತ್ತು. ಸಂಜೆ ಅಂಗಡಿಯಲ್ಲಿ ಬಾಯಿಗೆ ಪೆನ್ನು ಕಚ್ಚಿ, ಏಳು ಹೆಜ್ಜೆ ಹಿಂದೆ ಹೋಗಿ, ಕಣ್ಣು ಮುಚ್ಚಿ ತೋರಿಸಿದೆ. ಸಾರ್ ಬಿದ್ದು ಬಿದ್ದು ನಕ್ಕರು.

ಬೋಟಿನ ಹೆಸರು, ಊರು, ಹಿಂಬದಿಯ ಒಂದು ಸಾಲು ಎಲ್ಲ ಸೇರಿ ನನಗೆ ಸಿಕ್ಕಿದ್ದು ಹದಿನಾರೋ ಹದಿನೇಳೋ ಅಕ್ಷರ. ಉಳಿದವನ್ನು ಇದರ ಕೈ, ಅದರ ಕಾಲು ಜೋಡಿಸಿ ಹುಟ್ಟಿಸಿದೆ. ನ ಒಂದೇ ಸಿಕ್ಕಿತ್ತು. ಅದ್ಭುತವಾದ ನ. ಅದರ ಹೊಟ್ಟೆಯ ಮೇಲೆ ಅಡ್ಡಲಾಗಿ ಒಂದು ಗಾಯ, ಗಾಳದ ಕೊಕ್ಕೆಯ ಆಕಾರದಲ್ಲಿ; ಬಣ್ಣ ಪೂರ್ತಿ ಎದ್ದು ಮರ ಕಾಣುತ್ತಿತ್ತು. ಇಂಥದ್ದನ್ನು ಯಾವ ಕಂಪ್ಯೂಟರೂ ಯೋಚಿಸಲಾರದು ಎಂದು ಹೆಮ್ಮೆಪಟ್ಟುಕೊಂಡೆ, ನಾನೇ ಯೋಚಿಸಿದವನ ಹಾಗೆ. ಸಾರ್ ಅದಕ್ಕೆ 'ಪುರಾತನ ಬೋಲ್ಡ್' ಎಂದು ಹೆಸರಿಟ್ಟರು. ಹುಟ್ಟಿ ನಾಲ್ಕು ದಿನವಾಗಿತ್ತು.

ಬೋರ್ಡು ಏರಿತು. ಹಲಗೆಯ ಮೇಲೆ ಮೂರಡಿ ಎತ್ತರದ ಕಪ್ಪು ಅಕ್ಷರಗಳು, ಮೈತುಂಬ ಗಾಯ. ಬಾಗಿದ ಮೂತಿಗಾಗಿ ಬರೆದದ್ದನ್ನು ಚಪ್ಪಟೆ ಹಲಗೆಗೆ ಹಾಕಿದ್ದರಿಂದ ಎಲ್ಲವೂ ಮುಂದಕ್ಕೆ ಮುಗ್ಗರಿಸಿದ ಹಾಗಿದ್ದವು. "ಅದೇ ಸ್ಟೈಲು," ಎಂದರು ಧಣಿ. "ಈಗ ಬಂತು ನೋಡು ಫೀಲ್." ಉದ್ಘಾಟನೆಯ ದಿನದಿಂದಲೇ ಅವರು ಗಲ್ಲಾಪೆಟ್ಟಿಗೆಯ ಬಳಿ ನಿಂತು ಊಟಕ್ಕೆ ಬಂದವರಿಗೆ ಹೇಳತೊಡಗಿದರು: ಈ ಹಲಗೆ ನಮ್ಮ ಹಳೆ ಮನೆಯ ಅಟ್ಟದಲ್ಲಿ ಇದ್ದದ್ದು, ಅಜ್ಜ ಬರೆಸಿದ್ದು, ಒರೆಸಿ ಹಾಗೆಯೇ ಇಟ್ಟಿದ್ದೇವೆ. ಜನ ಎದ್ದು ಹೋಗಿ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸುಳ್ಳು ಹೇಳುವಾಗ ಧಣಿಯವರ ದನಿ ಒಂದು ಮೆಟ್ಟಿಲು ಇಳಿಯುತ್ತದೆ. ಅದನ್ನೂ ನಾನು ಹಿಡಿದಿಟ್ಟುಕೊಂಡೆ.

ಎರಡು ವಾರ ಕಳೆದಿರಬೇಕು. ಮಧ್ಯಾಹ್ನ ಅಂಗಡಿಗೆ ಒಬ್ಬ ಬ್ಯಾರಿ ಮುಸ್ಲಿಂ ಹಿರಿಯರು ಬಂದರು, ನಮಗೆಲ್ಲ ಕಾಕ. ಬಂದರಿನಲ್ಲಿ ತಲೆಮಾರಿನ ಅಂಗಡಿ, ತಮ್ಮಂದಿರು ಗಲ್ಫಿನಲ್ಲಿ, ಎರಡು ಬೋಟು. ಒದ್ದೆ ಕೊಡೆಯನ್ನು ನನ್ನ ಕೀಬೋರ್ಡಿನ ಬದಿಗೆ ಒರಗಿಸಿ, ಒಂದು ಚೀಟಿ ಮುಂದಿಟ್ಟರು.

"ಹೊಸ ಬೋಟಿಗೆ ಹೆಸರು. ಸ್ಟಿಕ್ಕರ್. ನೀರು ತಾಗಿದ್ರೆ ಏಳ್ಬಾರ್ದು ಮಾರಾಯ, ಅಷ್ಟೆ."

"ಯಾವ ಕಡೆಯದ್ದು ಕಾಕ?"

"ಬೆಂಗ್ರೆ."

"ಅಲ್ಲಿ ಬರೆಯುವವ್ರು ಇದ್ದಾರಲ್ಲ?" ಎಂದೆ.

"ಇದ್ದಾರೆ. ಇಷ್ಟು ವರ್ಷ ಅವರೇ ಬರ್ದದ್ದು. ಹೇಳ್ಲಿಕ್ಕೆ ಬೇಜಾರುಂಟು." ಕಾಕ ಸಾರ್ ಕಡೆಗೆ ತಿರುಗಿದರು. "ಕಾವೂರಲ್ಲಿ ಒಂದು ಹೊಸ ಹೋಟೆಲುಂಟು, ನೋಡಿದ್ದೀರಾ? ಅದ್ರ ಬೋರ್ಡು ಅವರ ಕೈಯೇ. ಸ್ಕೂಟರಲ್ಲಿ ಹೋಗುವಾಗ್ಲೇ ಗುರ್ತ ಸಿಕ್ಕಿತು. ಹೋಟೆಲು ತೆರೆದು ಒಂದು ತಿಂಗಳಾಗಿಲ್ಲ, ಬಣ್ಣ ಪೂರ ಎದ್ದು ಹೋಗಿದೆ! ಅಷ್ಟೂ ಅಲ್ಲ, ಬೋಟಿಗೆ ಬರೆಯುವ ಹಾಗೆ ಅಗಲಿಸಿ ಹಲಗೆಗೆ ಬರ್ದಿದ್ದಾರೆ. ಕಣ್ಣು ಹೋಗಿದೆ ಪಾಪ, ಇಲ್ಲದಿದ್ರೆ ಮಂಡೆ. ಬೆಂಗ್ರೆಯಲ್ಲಿ ಎಲ್ಲರದ್ದೂ ಅದೇ ಮಾತು. ಕೇಳಿದ್ರೆ 'ನಾನು ಬರ್ದೇ ಇಲ್ಲ' ಹೇಳ್ತಾರೆ. ನಾಚಿಕೆಗೆ."

ಸಾರ್ ನನ್ನನ್ನು ನೋಡಿದರು. ಬಾಯಿ ಬಿಟ್ಟರೆ ಧಣಿಯವರ ಅಟ್ಟದ ಕಥೆ ಬಿದ್ದುಹೋಗುತ್ತದೆ, ಜೊತೆಗೆ ನಾನೂ ಬೀಳುತ್ತೇನೆ ಎಂಬ ನೋಟ. ನನಗೆ ಎಲ್ಲರ ದನಿ ಬರುತ್ತದೆ ಎಂದೆನಲ್ಲ. ಆ ಹೊತ್ತಿಗೆ ಒಂದೂ ಬರಲಿಲ್ಲ. ಪೇಂಟರಣ್ಣನನ್ನು ಕಂಡಕಂಡಲ್ಲಿ ಅನುಕರಿಸಿ ನಗಿಸಿದ್ದೆ. ಅಂಗಡಿಯಲ್ಲಿ ನಕ್ಕು ಮುಗಿಯುತ್ತದೆ. ಆದರೆ ಮೂರಡಿ ಎತ್ತರದಲ್ಲಿ, ಅವರ ಅತಿ ಹೀನ ಅವಸ್ಥೆಯನ್ನು ಹಿಡಿದು, ವಿಮಾನಕ್ಕೆ ಹೋಗುವವರೆಲ್ಲ ನೋಡುವ ಹಾಗೆ ನೇತು ಹಾಕಿದ್ದೂ ನಾನೇ. ಕೆಳಗೆ ಅನುಕರಣೆ ಎಂದು ಬರೆದಿರಲಿಲ್ಲ.

"ಕಾಕ," ಎಂದೆ, "ಅದು ಅವರು ಬರ್ದದ್ದಲ್ಲ. ನಾನು ಮಾಡಿದ್ದು. ಕಂಪ್ಯೂಟರಲ್ಲಿ."

"ಬಣ್ಣ ಎದ್ದದ್ದು?"

"ಅದೂ ನಾನೇ ಮಾಡಿದ್ದು. ಬೇಕೂಂತ."

ಕಾಕ ನನ್ನನ್ನು ಬಹಳ ಕರುಣೆಯಿಂದ ನೋಡಿದರು. "ಹಾಳು ಮಾಡಿ ಕೊಡು ಅಂತ ಹೇಳಿ ಬೋರ್ಡು ಮಾಡಿಸ್ತಾರಾ ಯಾರಾದ್ರೂ? ಮುದುಕನನ್ನು ಉಳಿಸ್ಲಿಕ್ಕೆ ಸುಳ್ಳು ಹೇಳ್ತಿದ್ದಿ. ಒಳ್ಳೆ ಹುಡುಗ ನೀನು."

ಜೀವನದಲ್ಲಿ ನನ್ನನ್ನು ಒಳ್ಳೆ ಹುಡುಗ ಎಂದವರು ಅವರೊಬ್ಬರೇ, ಅದೂ ನಾನು ಸುಳ್ಳುಗಾರನೆಂಬ ಆಧಾರದ ಮೇಲೆ. ಕಂಪ್ಯೂಟರಿನಲ್ಲಿ ಫೈಲು ತೆರೆದು ತೋರಿಸಿದೆ. "ಕಂಪ್ಯೂಟರಲ್ಲಿ ಎಂತ ಬೇಕಾದ್ರೂ ತೋರಿಸ್ಬಹುದು," ಎಂದರು. ಅದಂತೂ ಸತ್ಯ. ಬೇರೆ ದಾರಿ ಇರಲಿಲ್ಲ. "ನನ್ನೊಟ್ಟಿಗೆ ಕಾವೂರಿಗೆ ಬನ್ನಿ ಕಾಕ. ಐದು ನಿಮಿಷ. ಹತ್ತಿರದಿಂದ ನೋಡಿ. ಆಮೇಲೆ ಸ್ಟಿಕ್ಕರ್ ಬೇಕಾದ್ರೆ ನಾನೇ ಬಂದು ಅಂಟಿಸ್ತೇನೆ."

"ನೀನು ಈಗ ಹೊರಗೆ ಹೋದ್ರೆ..." ಎಂದು ಸಾರ್ ಶುರು ಮಾಡಿದರು. ಮುಂದಿನದ್ದು ಸ್ಕೂಟರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸಿದ್ದರೆ ಬಹುಶಃ ಇಳಿದುಬಿಡುತ್ತಿದ್ದೆ.

ಹೋಟೆಲಿನ ಹೊರಗೆ ಊಟ ಮುಗಿಸಿದ ಒಂದು ಕುಟುಂಬ ನಿಂತಿತ್ತು. ಧಣಿ ಅವರಿಗೆ ಬೋರ್ಡು ತೋರಿಸುತ್ತಿದ್ದರು. ದನಿ ಒಂದು ಮೆಟ್ಟಿಲು ಇಳಿದಿತ್ತು. "...ಅಟ್ಟದಲ್ಲಿ, ಬೈಹುಲ್ಲಿನ ಅಡಿಯಲ್ಲಿ. ಅಜ್ಜನೇ ಬಣ್ಣ ತರಿಸಿ ಬರೆಸಿದ್ದಂತೆ..."

ನಾನು ಕಾಕನನ್ನು ಬೋರ್ಡಿನ ಅಡಿಗೆ ಕರೆದೊಯ್ದೆ. "ಮೊದಲನೇ ನ ನೋಡಿ. ಹೊಟ್ಟೆಯಲ್ಲಿ ಗಾಯ ಉಂಟಲ್ಲ? ಈಗ ಅಜ್ಜನ ನ ನೋಡಿ."

ಕಾಕ ಕನ್ನಡಕ ಹಾಕಿಕೊಂಡರು.

"ಈಗ ಮೀನಿನ ಕೊನೆಯ ನ."

ಕಾಕ ಮೊದಲನೆಯದಕ್ಕೆ ವಾಪಸು ಹೋದರು, ಎರಡನೆಯದಕ್ಕೆ ಬಂದರು, ಮೂರನೆಯದರ ಕೆಳಗೆ ನಿಂತರು. ಮೂರು ನ, ಒಂದೇ ಗಾಯ, ಒಂದೇ ಜಾಗ, ಕೂದಲೆಳೆಯ ವ್ಯತ್ಯಾಸವಿಲ್ಲ. ಯಾವ ಮಳೆಯೂ, ಯಾವ ಗೆದ್ದಲೂ, ಯಾವ ಮುದುಕನ ಕೈಯೂ ಹಾಗೆ ಸವೆಸಲಾರದು. ಹಿಂದಿನ ಸಾಲಿನವನು ನನ್ನ ಮೂರನೆಯ ಕೆಮ್ಮನ್ನು ಹಿಡಿದಿದ್ದ.

ನಾನು ಎಣಿಸಿದ್ದು ಅಷ್ಟಕ್ಕೆ ಮುಗಿಯುತ್ತದೆ ಎಂದು. ಆದರೆ ಕಾಕ ಆ ಗಾಯವನ್ನೇ ನೋಡುತ್ತ ನಿಂತುಬಿಟ್ಟರು. ಬೆರಳಿನಿಂದ ಗಾಳಿಯಲ್ಲಿ ಕೊಕ್ಕೆಯೊಂದನ್ನು ಬರೆದರು.

"ಇದು ನನ್ನ ಬೋಟಲ್ವಾ?" ಎಂದರು. "ಹಸಿರು ಬೋಟು. ಇದು ಲಂಗರಿನ ಹಗ್ಗ ಉಜ್ಜಿದ್ದು. ಅಕ್ಷರದ ಮೇಲಿಂದ ಹಗ್ಗ ಎಳಿಬೇಡಿ ಎಳಿಬೇಡಿ ಅಂತ ಅವರು ಹೇಳಿಯೇ ಹೇಳಿದ್ರು. ನಾವು ಎಳ್ದೆವು." ಹಾಗೆಂದು ನಗಲಾರಂಭಿಸಿದರು. ಕೊಡೆ ಕೈಯಿಂದ ಜಾರುವಷ್ಟು. "ಓ ಧಣಿಗಳೇ! ನಿಮ್ಮಜ್ಜನ ಅಟ್ಟದಲ್ಲಿ ನಮ್ಮ ಬೋಟು ಎಂತ ಮಾಡ್ತಿತ್ತು?"

ಆ ಕುಟುಂಬ ಧಣಿಯವರನ್ನು ನೋಡಿತು. ಧಣಿ ಬೋರ್ಡನ್ನು ನೋಡಿದರು. ನಾನು ನನ್ನ ಚಪ್ಪಲಿಯನ್ನು ನೋಡಿದೆ. ಮನೆಯ ಹಿರಿಯ ಹೆಂಗಸೊಬ್ಬರು "ಹೌದಲ್ಲ, ಮೂರೂ ಒಂದೇ ಥರ ಹರಿದಿದೆ" ಎಂದು ಮೊಮ್ಮಗಳಿಗೆ ತೋರಿಸಿದರು. ಮೊಮ್ಮಗಳು ಅದರದ್ದೂ ಫೋಟೋ ತೆಗೆದಳು.

ಧಣಿಗೆ ಅವಮಾನವಾಗುತ್ತದೆ ಎಂದು ನೀವು ನಿರೀಕ್ಷಿಸಿದರೆ ನಮ್ಮ ಊರಿನ ಧಣಿಗಳನ್ನು ನೀವು ನೋಡಿಲ್ಲ. ಆ ಕುಟುಂಬ ಕಾರು ಹತ್ತುವವರೆಗೆ ತಡೆದುಕೊಂಡು, ನನ್ನನ್ನು ಪಕ್ಕಕ್ಕೆ ಕರೆದರು. ನಾನು ಬೈಗುಳಕ್ಕೆ ಸಿದ್ಧನಾದೆ.

"ಎಂತ ಕೆಲ್ಸ ಮಾಡಿದ್ದು ನೀನು? ಮೂರಕ್ಕೂ ಒಂದೇ ಗೀರಾ?" ಎಂದರು, ನಿಜವಾಗಿಯೂ ನೊಂದುಕೊಂಡು. "ಬೇರೆ ಬೇರೆ ಮಾಡು ಮಾರಾಯ. ಒಂದಕ್ಕೆ ಮಳೆ ತಾಗಿದ ಹಾಗೆ. ಒಂದಕ್ಕೆ ಗೆದ್ದಲು. ಇನ್ನೊಂದಕ್ಕೆ... ಇಲಿ. ಫೀಲ್ ಬರ್ಬೇಕಲ್ಲ?"

ಅವರ ಮುಖದಲ್ಲಿ ಲವಲೇಶ ನಾಚಿಕೆಯಿರಲಿಲ್ಲ. ಕದ್ದ ಮಾಲು ಸರಿಯಿಲ್ಲವೆಂದು ಕಳ್ಳನ ಮೇಲೆ ದೂರು ಕೊಡುವವರ ಗಾಂಭೀರ್ಯ. ಅಂಗಡಿಗೆ ಮರಳಿದರೆ ಸಾರ್‌ಗೆ ಧಣಿಯ ಫೋನು ಆಗಲೇ ಬಂದಿತ್ತು. ನನ್ನನ್ನು ಕೆಲಸದಿಂದ ತೆಗೆಯಲು ಎದ್ದು ನಿಂತಿದ್ದವರು, ಇನ್ನೊಂದು ಬೋರ್ಡಿನ ಕೆಲಸ ಸಿಕ್ಕಿತೆಂದು ಕುಳಿತುಕೊಂಡಿದ್ದರು. "ಉಂಟು ಅಂತ ಹೇಳಿದ್ದೇನೆ," ಎಂದರು. "ಗೆದ್ದಲಿನದ್ದು ನಮ್ಮಲ್ಲಿ ಉಂಟು ಅಂತ."

ಆದರೆ ಪೇಂಟರಣ್ಣನ ಅಕ್ಷರವನ್ನು ಮತ್ತೆ ಮುಟ್ಟಲು ನನ್ನ ಕೈ ಬರಲಿಲ್ಲ. ಇದನ್ನು ದೊಡ್ಡ ಗುಣವೆಂದು ಹೇಳುತ್ತಿಲ್ಲ. ಬೆಂಗ್ರೆಯವರು ಗುರುತು ಹಿಡಿಯುತ್ತಾರೆ ಎಂಬ ಹೆದರಿಕೆಯೂ ಇತ್ತು. 'ಪುರಾತನ ಬೋಲ್ಡ್' ಫೈಲನ್ನು ಅಳಿಸಿದೆ. ಹೊಸ ಬೋರ್ಡಿಗೆ ಇಡೀ ಸಾಲನ್ನು ನನ್ನ ಕೈಯಲ್ಲೇ, ಕುಂಚ ಹಿಡಿದು, ಕಾಗದದ ಮೇಲೆ ಬರೆದೆ. ಬದುಕಿನಲ್ಲಿ ಮೊದಲ ಬಾರಿಗೆ ಯಾರದ್ದನ್ನೂ ನೋಡದೆ ಬರೆದದ್ದು. ಸವೆಸುವ ಅಗತ್ಯವೇ ಬೀಳಲಿಲ್ಲ. ಮ ಇಲಿ ತಿಂದ ಹಾಗೆ ಹುಟ್ಟಿತು, ಜ್ಜ ಮಳೆಗೆ ಸಿಕ್ಕ ಹಾಗೆ, ಮೂರು ನಗಳಿಗೆ ಪರಸ್ಪರ ಪರಿಚಯವೇ ಇರಲಿಲ್ಲ. ಧಣಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. "ಇದು ನೋಡು! ಇದು ನಿಜವಾದ ಹಳತು!" ನನಗೆ ಆಗ ಇಪ್ಪತ್ತನಾಲ್ಕು ವರ್ಷ.

ಹೊಸ ಬೋಟು ನೀರಿಗಿಳಿಯುವ ಹಿಂದಿನ ದಿನ ಬೆಳಿಗ್ಗೆ ಬೆಂಗ್ರೆಗೆ ಹೋದೆ. ಕಾಕ ಸ್ಟಿಕ್ಕರಿನ ಚೀಟಿಯನ್ನು ಅಂದೇ ಹರಿದು ಹಾಕಿ, ಕಾವೂರಿನಿಂದ ನೇರ ಫೆರಿಗೆ ಹೋಗಿ, ಇಡೀ ದಡಕ್ಕೆ ಕಥೆ ಹೇಳಿದ್ದರು. ಆದ್ದರಿಂದ ನಾನು ಇಳಿಯುತ್ತಲೇ ಬಲೆ ನೇಯುತ್ತ ಕುಳಿತವರೆಲ್ಲ ಒಬ್ಬರನ್ನೊಬ್ಬರು ತಿವಿದರು. ಬೋಟಿನ ಎತ್ತರದ ಮೂತಿಗೆ ಏಣಿ ಒರಗಿಸಿ ಪೇಂಟರಣ್ಣ ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದರು. ನನ್ನನ್ನು ಕಂಡು ಏಣಿಯಿಂದ ಇಳಿದರು. ಕುಂಚವನ್ನು ಮೊಬೈಲಿನ ಹಾಗೆ ಹಿಡಿದು, ಮೊಣಕಾಲೂರಿ, ಪೃಷ್ಠವನ್ನು ಮೇಲಕ್ಕೆತ್ತಿ, ತುಟಿ ಮುಂದೆ ಮಾಡಿ, "ಸುಮ್ನೆ ಅಣ್ಣ, ಕಲಿಲಿಕ್ಕೆ" ಎಂದರು.

ನಾನು ಮಾತಾಡಿದ್ದು ಹಾಗಾ? ಅಷ್ಟು ಅಂಟು ಅಂಟಾಗಿ? ದಡ ಪೂರ್ತಿ ನಕ್ಕಿತು. ಕಾಕ ಹಗ್ಗದ ಸುರುಳಿಯ ಮೇಲೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಹುಡುಕುತ್ತಿದ್ದ ನನ್ನ ಸ್ವಂತ ದನಿ ಅದೇ ಎಂದು ಆಗ ಗೊತ್ತಾಯಿತು. ಸಿಗದಿದ್ದರೇ ಒಳ್ಳೆಯದಿತ್ತು.

"ನನ್ನ ಅಕ್ಷರ ಅಲ್ಲಿಂದ ಇಳಿಸಿದ್ದೀಯಾ?" ಎಂದು ಪೇಂಟರಣ್ಣ ಎದ್ದು ನಿಂತು ಕೇಳಿದರು.

"ಇಳಿಸಿದೆ ಅಣ್ಣ."

"ಈಗ ಯಾರದ್ದುಂಟು?"

"ನನ್ನದೇ."

ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವರು ಅದನ್ನು ನನ್ನ ಕೈಯಲ್ಲೇ ಹಿಡಿಸಿ, ಏಳು ಹೆಜ್ಜೆ ಹಿಂದೆ ಹೋಗಿ, ನೀರಲ್ಲಿ ನಿಂತು, ಎಡಕ್ಕೆ ವಾಲಿ, ಒಂದು ಕಣ್ಣು ಮುಚ್ಚಿದರು. ಆಮೇಲೆ ಇನ್ನೊಂದನ್ನೂ ಮುಚ್ಚಿದರು.

"ಎಷ್ಟು ದೂರ ಹೋಗಿ ನೋಡಿದ್ರೂ ಆಗುದಿಲ್ಲ ಮಾರಾಯ ಇದು," ಎಂದರು.

ಬಲೆಯವರ ಪೈಕಿ ಒಬ್ಬರು, ಹೋದ ವರ್ಷ ಸ್ಟಿಕ್ಕರಿಗೆ ಹೋಗಿದ್ದವರು, "ನಮ್ಮದಕ್ಕೆ ಯಾವಾಗ ಪುರ್ಸೊತ್ತು ಅಣ್ಣ?" ಎಂದು ಕೂಗಿದರು. "ಸಾಲಲ್ಲಿ ನಿಲ್ಲು," ಎಂದು ಪೇಂಟರಣ್ಣ ತಿರುಗಿಯೂ ನೋಡದೆ ಏಣಿ ಹತ್ತಿದರು.

ನಾನು ಮೂತಿಯ ಹತ್ತಿರ ಹೋಗಿ ನಿಂತೆ. ಬೋಟಿನ ಹೆಸರಿನಲ್ಲೂ ಒಂದು ನ ಇತ್ತು, ಕೆಳಗಿನ ಸಾಲಿನಲ್ಲಿ, ಕೈಗೆಟುಕುವ ಎತ್ತರದಲ್ಲಿ. ತುಂಬಿದ ಹೊಟ್ಟೆ, ಒಂದು ಗೀರಿಲ್ಲ, ಹೊಳೆಯುತ್ತಿತ್ತು. ಇಷ್ಟು ದಪ್ಪಗೆ, ಇಷ್ಟು ಇಡಿಯಾಗಿ ಒಂದು ಅಕ್ಷರವನ್ನು ನಾನು ಅದರ ಮೊದಲು ನೋಡಿರಲಿಲ್ಲ. ನೋಡಲು ಹೋದವನೂ ಅಲ್ಲ. ಯೋಚಿಸುವ ಮೊದಲೇ ಬೆರಳು ಮುಂದಕ್ಕೆ ಹೋಗಿತ್ತು.

"ಏಯ್! ಹಸಿ ಉಂಟು!"

ಹೊಟ್ಟೆಯ ಮೇಲೆ ನನ್ನ ಬೆರಳಿನ ಗುರುತು ಕೂತಿತ್ತು. ಪೇಂಟರಣ್ಣ ತುಳುವಿನಲ್ಲಿ ನನ್ನ ಹಿರಿಯರನ್ನೆಲ್ಲ ಕರೆಯುತ್ತ ಏಣಿ ಇಳಿದು ಬಂದರು. ನಾನು ಕ್ಷಮೆ ಕೇಳುವ ಬದಲು, ಅಭ್ಯಾಸಬಲದಿಂದ, ಜೇಬಿನ ಮೊಬೈಲಿಗೆ ಕೈ ಹಾಕಿದೆ. ಅವರು ಕುಂಚದ ಹಿಡಿಯಿಂದ ನನ್ನ ಮಣಿಕಟ್ಟಿಗೆ ಒಂದು ಕೊಟ್ಟು, ಒಂದೇ ಎಳೆತದಲ್ಲಿ ಗುರುತನ್ನು ಮುಚ್ಚಿದರು.

"ಇಡು ಒಳಗೆ," ಎಂದರು. "ಒಣಗಿದ ಮೇಲೆ ತೆಗಿ."